ಸರ್ ಮನೆಯ ಎಮ್ಮೆ

ಅವರು ತೀರಿಕೊಂಡ ದಿನ ನಮ್ಮ ಪತ್ರಿಕೆಯ ಚಿಕ್ಕೋಡಿ ಪುಟಕ್ಕೆ ನಿಧನ ವಾರ್ತೆ ಬರೆದವನು ನಾನೇ. ನಿವೃತ್ತ ಪ್ರಾಧ್ಯಾಪಕರು, ವಿಪತ್ತಿನ ಕಾಲದ ಸಂವಹನ ಕುರಿತು ಸಂಶೋಧನೆ ನಡೆಸಿದವರು, ನೆರೆಯ ಎಚ್ಚರಿಕೆ ಜನರನ್ನು ಹೇಗೆ ಮುಟ್ಟುತ್ತದೆ ಎಂಬ ಬಗ್ಗೆ ದೇಶ ವಿದೇಶದ ಸಂಶೋಧನಾ ಪತ್ರಿಕೆಗಳಲ್ಲಿ ಬರೆದವರು, ಪತ್ನಿ ಹಾಗೂ ಪುತ್ರಿ ಇದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ ನೆರವೇರಿತು. ಒಂದು ಕಾಲಂ, ಒಂದು ಸಣ್ಣ ಫೋಟೊ. ಅದರಲ್ಲಿ ತಪ್ಪೇನೂ ಇರಲಿಲ್ಲ. ಎಮ್ಮೆಯ ವಿಷಯ ಮಾತ್ರ ಬಿಟ್ಟುಹೋಗಿತ್ತು. ನಿಧನ ವಾರ್ತೆಯಲ್ಲಿ ಎಮ್ಮೆಗೆ ಜಾಗ ಇರುವುದಿಲ್ಲ. ಆದರೆ ಎಮ್ಮೆಯನ್ನು ಬಿಟ್ಟು ಅವರ ಬಗ್ಗೆ ಹೇಳಲು ಬರುವುದಿಲ್ಲ.

ಅವರ ಊರು ಕಾಗವಾಡ ತಾಲ್ಲೂಕಿನಲ್ಲಿ, ಜುಗೂಳಿನಿಂದ ದೂರವೇನಲ್ಲ. ಮೂರು ಕಡೆ ಕೃಷ್ಣೆ, ನಾಲ್ಕನೆಯ ಕಡೆ ಕಬ್ಬಿನ ನಡುವೆ ಒಂದು ರಸ್ತೆ. ಹೊಳೆ ಬರಬೇಕಾದರೆ ಅಲ್ಲಿ ಮಳೆ ಬೀಳಬೇಕೆಂದಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದರೆ ಸಾಕು. ಊರಲ್ಲಿ ಬಿಸಿಲು ಬಿದ್ದು ಹಪ್ಪಳ ಒಣಗಿಸಿದ ದಿನವೇ ನೀರು ಓಣಿಯ ಬಾಯಿಗೆ ಬಂದು ನಿಂತಿರುತ್ತದೆ. ಅವರು ಹುಟ್ಟಿದ್ದು ಅದೇ ಓಣಿಯಲ್ಲಿ. ಓದಿ, ಪಿಎಚ್‌ಡಿ ಮಾಡಿ, ಕಾಗವಾಡದ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಕೆಲಸ ಸಿಕ್ಕ ಮೇಲೆ ಮರಳಿ ಬಂದದ್ದೂ ಅದೇ ಓಣಿಗೆ. ಊರಿಗೆಲ್ಲ ಅವರು ‘ಸರ್’. ನನಗೂ ಅಷ್ಟೇ.

ಪರಿಚಯವಾದದ್ದು ಫೋನಿನಲ್ಲಿ. ನಾನು ಆಗ ವರದಿಗಾರಿಕೆಗೆ ಹೊಸಬ. ಹೊಳೆ ಏರುತ್ತಿದೆ ಎಂದು ತಾಲ್ಲೂಕು ಕಚೇರಿಯಿಂದ ಬಂದದ್ದನ್ನು ಇದ್ದ ಹಾಗೇ ಬರೆದಿದ್ದೆ. ಬೆಳಿಗ್ಗೆ ಕಚೇರಿಗೆ ಫೋನ್ ಬಂತು.

“ನದಿತೀರದ ಜನತೆ ಸುರಕ್ಷಿತ ಸ್ಥಳಗಳಿಗೆ ತೆರಳಲು ಸೂಚನೆ ಅಂತ ಬರದೀರಿ. ನೀವ ಬರದದ್ದೇನ್ರಿ?”

“ಹೌದ್ರಿ.”

“ನಮ್ಮ ಓಣ್ಯಾಗ ಜನತೆ ಅನ್ನಾವ ಯಾರೂ ಇಲ್ರಿ. ಅಣ್ಣಪ್ಪ ಅದಾನ, ಶಾಂತವ್ವ ಅದಾಳ. ಮತ್ತ ಸುರಕ್ಷಿತ ಸ್ಥಳ ಅಂದ್ರ ಯಾವುದ್ರಿ? ದಿಬ್ಬದ ಮ್ಯಾಲಿನ ಸಾಲಿನೋ, ಬೀಗರ ಮನಿನೋ? ಇಷ್ಟು ಕ್ಯೂಸೆಕ್ ನೀರು ಬಿಟ್ಟಾರ ಅಂತ ಹಾಕೀರಿ. ಕ್ಯೂಸೆಕ್ ಅಂದ್ರ ಅಣ್ಣಪ್ಪನ ಹೊಸ್ತಿಲಕ್ಕ ಎಷ್ಟು ಬರತೈತಿ? ಅದನ್ನ ಬರೀರಿ ಮೊದಲ.”

ಸಿಟ್ಟಿನ ದನಿಯಲ್ಲ. ವಿದ್ಯಾರ್ಥಿಯ ಉತ್ತರಪತ್ರಿಕೆ ತಿದ್ದುವವರ ದನಿ. ಮುಂದಿನ ವಾರ ಅವರ ಊರಿಗೆ ಹೋದೆ. ಅಲ್ಲಿಂದ ಪ್ರತಿ ಮಳೆಗಾಲ ಹೋಗತೊಡಗಿದೆ. ಸುದ್ದಿ ಬರೆಯುವಾಗ ಹೊಸ್ತಿಲ ಲೆಕ್ಕ ಕೇಳುವ ರೂಢಿ ನನಗೆ ಬಂದದ್ದು ಅವರಿಂದ.

ಅವರದು ಗಿಡ್ಡ ಆಳು, ದಪ್ಪ ಕನ್ನಡಕ. ಮಾತಾಡುವ ಮೊದಲು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಮಾತಾಡುತ್ತಿದ್ದರು. ಇಡೀ ಸಂಶೋಧನೆಯನ್ನು ಅವರು ಒಂದೇ ಮಾತಿಗೆ ಇಳಿಸಿದ್ದರು: “ಸುದ್ದಿ ಕಿವಿಗೆ ಬೀಳೂದು ಬ್ಯಾರೆ, ಕಾಲು ಏಳೂದು ಬ್ಯಾರೆ.” ಕಿವಿಗೂ ಕಾಲಿಗೂ ನಡುವೆ ಏನು ನಡೆಯುತ್ತದೆ ಎಂಬುದೇ ಅವರ ಬದುಕಿನ ಕೆಲಸ. ಅದಕ್ಕೆ ಅವರು ಕಂಡುಕೊಂಡ ಉತ್ತರ, ಅವರ ಹೆಸರು ಹೊರಗೆ ಗೊತ್ತಾಗುವಂತೆ ಮಾಡಿದ ಉತ್ತರ, ಇಷ್ಟು: ಜನ ಎಚ್ಚರಿಕೆ ಕೇಳಿ ಮನೆ ಬಿಡುವುದಿಲ್ಲ. ತಾವು ನಂಬುವ ನೆರೆಯವನು ಮನೆ ಬಿಡುವುದನ್ನು ಕಂಡು ಬಿಡುತ್ತಾರೆ.

ಈ ಉತ್ತರ ಅವರಿಗೆ ಹೊಳೆದದ್ದು ಹೇಗೆ ಎಂಬುದನ್ನು ಅವರ ಹೆಂಡತಿ ನನಗೆ ಹೇಳಿದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರ ತವರು ರಾಯಬಾಗದ ಕಡೆ.

ಸರ್ ಕೆಲಸಕ್ಕೆ ಸೇರಿದ ಹೊಸದು. ಶ್ರಾವಣ. ನಾಗರ ಪಂಚಮಿಗೆ ತವರಿಗೆ ಕರೆದುಕೊಂಡು ಹೋಗಲು ವೈನಿಯ ತಮ್ಮ ಟೆಂಪೊ ತೆಗೆದುಕೊಂಡು ಬಂದಿದ್ದ. ಅದೇ ಹೊತ್ತಿಗೆ ತಾಲ್ಲೂಕಿನಿಂದ ಬಂದ ಗಾಡಿ ಓಣಿಯಲ್ಲಿ ನಿಂತು ಹೊಳೆ ಬರುತ್ತದೆ, ಊರು ಬಿಡಿ ಎಂದು ಕೂಗುತ್ತಿತ್ತು. ಯಾರೂ ಏಳಲಿಲ್ಲ. ಸರ್ ಕೂಡ ಏಳಲಿಲ್ಲ. ಕೂಗು ಕೇಳಿದ ಮೇಲೆ ಜನ ಏನು ಮಾಡುತ್ತಾರೆ ಎಂದು ನೋಡುತ್ತ ಕಟ್ಟೆಯ ಮೇಲೆ ಕೂತಿದ್ದರು.

“ನಾ ಹೊಂಟ ನಿಂತೀನಿ, ಇವರಿಗೆ ಹಾಲು ಹಿಂಡಾಕ ಬರೂದಿಲ್ಲ” ಎಂದು ವೈನಿ ಹೇಳಿದರು. “ಎಮ್ಮಿ ಆಗಷ್ಟ ಈದಿತ್ತು. ಬಿಟ್ಟಹೋದ್ರ ಕೆಚ್ಚಲಾ ಬಾತು ಸಾಯತೈತಿ. ನಮ್ಮ ತಮ್ಮಗ ಅಂದೆ, ಟೆಂಪೊದಾಗ ಜಾಗಾ ಐತಲ್ಲ, ಹತ್ತಸು ಅಂತ. ಎಮ್ಮಿ, ಕರಾ, ನನ್ನ ಟ್ರಂಕು, ಒಂದ ಡಬ್ಬಿ ಉಂಡಿ. ಅಷ್ಟ ನೋಡ್ರಿ ಹೋಗಿದ್ದು.”

ಓಣಿ ಅದನ್ನು ಬೇರೆ ರೀತಿಯಲ್ಲಿ ನೋಡಿತು. ಹೊಳೆಯ ವಿಷಯವನ್ನೇ ಓದಿಕೊಂಡು ಬಂದ ಮನುಷ್ಯ ಹೆಂಡತಿಯನ್ನು ಕಳಿಸಿದ, ಎಮ್ಮೆಯನ್ನೂ ಕಳಿಸಿದ. ಹೆಂಡತಿ ಪಂಚಮಿಗೆ ಹೋಗುವುದು ಸರಿ, ಎಮ್ಮೆಗೆ ಯಾವ ಪಂಚಮಿ? ಎದುರು ಮನೆಯ ಅಣ್ಣಪ್ಪ ಮೊದಲು ತನ್ನ ದನ ಬಿಚ್ಚಿದ. ಅವನ ಬೆನ್ನಿಗೆ ಆಚೆ ಮನೆ, ಅದರಾಚೆಯ ಮನೆ. ಹೊತ್ತು ಮುಳುಗುವುದರೊಳಗೆ ಊರು ಖಾಲಿಯಾಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಸರ್ ಅವರನ್ನು ಅಣ್ಣಪ್ಪನೇ ರಟ್ಟೆ ಹಿಡಿದು ಎಬ್ಬಿಸಿದ: “ನಿಮ್ಮ ಎಮ್ಮಿ ಹೋಗೇತಿ, ನೀವ್ಯಾಕ ಕುಂತೀರಿ?” ಮರುದಿನ ಬೆಳಿಗ್ಗೆ ಅವರೆಲ್ಲ ದಿಬ್ಬದ ಮೇಲಿನ ಶಾಲೆಯಿಂದ ನೋಡುವಾಗ ಓಣಿಯಲ್ಲಿ ಮಾಳಿಗೆಗಳಷ್ಟೇ ಕಾಣುತ್ತಿದ್ದವು. ಊರಿನ ಒಂದು ಜೀವವೂ ಹೋಗಲಿಲ್ಲ.

ಇದನ್ನು ಅವರು ಬರೆದರು. ಎಮ್ಮೆ ಹೋದದ್ದು ಎಚ್ಚರಿಕೆಗಾಗಿ ಅಲ್ಲ, ತಮಗೆ ಏನೂ ಗೊತ್ತಿರಲಿಲ್ಲ ಎಂದು ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಹೇಳಿದರು. ಲೇಖನಕ್ಕೆ ಹೆಸರು ಬಂತು. ಅಡಿಟಿಪ್ಪಣಿಯನ್ನು ಹೆಚ್ಚು ಜನ ಓದಲಿಲ್ಲ. ಊರಿನಲ್ಲಂತೂ ಲೇಖನವನ್ನೇ ಯಾರೂ ಓದಲಿಲ್ಲ. ಊರು ಓದಿದ್ದು ಎಮ್ಮೆಯನ್ನು.

ಅಲ್ಲಿಂದ ಓಣಿ ಅವರ ಮನೆ ಕಾಯತೊಡಗಿತು. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನದಿಂದ ದಸರೆಯವರೆಗೆ ಅವರ ಅಂಗಳದಲ್ಲಿ ಏನು ಅಲುಗಿದರೂ ಅದಕ್ಕೊಂದು ಅರ್ಥ. ಸ್ಕೂಟರ್ ರಸ್ತೆಗೆ ಮುಖ ಮಾಡಿ ನಿಂತರೆ ಅರ್ಥ. ಒಣಹುಲ್ಲು ಮಾಳಿಗೆಗೆ ಏರಿದರೆ ಅರ್ಥ. ಅಣ್ಣಪ್ಪ ಬೆಳಿಗ್ಗೆ ಬೇವಿನ ಕಡ್ಡಿ ಜಗಿಯುತ್ತ ಎದುರಿಗೆ ನಿಂತು ವಿಚಾರಿಸುತ್ತಿದ್ದ. ಚೇಷ್ಟೆಗೆ ಇಳಿದರೆ ಮರಾಠಿಗೆ ಹೊರಳುತ್ತಿದ್ದ: “ಕಾ ಸರ್, ಮ್ಹೈಸ್ ಬರೀ ಹಾಯ್ ಕಾ?” ಎಮ್ಮೆ ಆರಾಮಿದೆಯೇ ಎಂದು. ಅದು ಚೇಷ್ಟೆಯಷ್ಟೇ ಆಗಿರಲಿಲ್ಲ. ಉತ್ತರ ಸಿಗುವವರೆಗೆ ಅವನು ಹೊಲಕ್ಕೆ ಹೊರಡುತ್ತಿರಲಿಲ್ಲ.

ಆದ್ದರಿಂದ ಸರ್ ಸ್ಕೂಟರನ್ನು ಯಾವಾಗಲೂ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಮಳೆಗಾಲದಲ್ಲಿ ಕೈಯಲ್ಲಿ ಚೀಲ ಹಿಡಿದು ಮನೆಯಿಂದ ಹೊರಬೀಳುತ್ತಿರಲಿಲ್ಲ. ಕಾಲೇಜಿನ ಕಪಾಟಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಸೂಟ್‌ಕೇಸು, ಹಲ್ಲುಜ್ಜುವ ಬ್ರಶ್ಶು ಇಟ್ಟಿದ್ದರು. ಧಾರವಾಡಕ್ಕೋ ಪುಣೆಗೋ ವಿಚಾರ ಸಂಕಿರಣಕ್ಕೆ ಹೋಗುವುದಿದ್ದರೆ ಬರಿಗೈಯಲ್ಲಿ ಮನೆ ಬಿಟ್ಟು, ಕಪಾಟಿನಿಂದ ಸೂಟ್‌ಕೇಸು ತೆಗೆದುಕೊಂಡು ಹೋಗಿ, ಮರುದಿನ ಬರಿಗೈಯಲ್ಲೇ ಮನೆಗೆ ಬರುತ್ತಿದ್ದರು. ಸಹೋದ್ಯೋಗಿಗಳು ನಗುತ್ತಿದ್ದರು. ದಿಲ್ಲಿಯಲ್ಲಿ ಇದೇ ವಿಷಯದ ಮೇಲೆ ಭಾಷಣಕ್ಕೆ ಕರೆ ಬಂದಾಗ ಹೋಗಲಿಲ್ಲ. ಅಷ್ಟು ದಿನ ಮನೆಯಲ್ಲಿ ಕಾಣದಿದ್ದರೆ ಊರು ಏನೆಂದುಕೊಳ್ಳುತ್ತದೆ ಎಂಬುದು ಒಂದು. ಕಾರ್ಯಕ್ರಮ ಆಗಸ್ಟಿನಲ್ಲಿತ್ತು ಎಂಬುದು ಇನ್ನೊಂದು. “ಮಹಾಪೂರದ ಬಗ್ಗೆ ಮಾತಾಡವ್ರೆಲ್ಲಾ ಮಹಾಪೂರ ಬರೂ ತಿಂಗಳದಾಗ ಯಾಕ ಕೂಡತಾರೋ?” ಎಂದು ನನ್ನನ್ನೇ ಕೇಳಿದರು.

ವೈನಿ ಪಂಚಮಿಗೆ ಹೋಗುವುದು ಆ ಮೊದಲ ವರ್ಷಕ್ಕೇ ನಿಂತಿತು. ನಿಪ್ಪಾಣಿಗೆ ಕೊಟ್ಟ ಮಗಳು ಹಬ್ಬಕ್ಕೆ ಇವರ ಮನೆಗೆ ಬರುತ್ತಿದ್ದಳು. ತಾಯಿ ತನ್ನ ತವರಿಗೆ ಹೋಗುತ್ತಿರಲಿಲ್ಲ. ತಮ್ಮ ಪ್ರತಿ ಶ್ರಾವಣ ಬಂದು ಕರೆದು, ಊಟ ಮಾಡಿ, ಒಬ್ಬನೇ ಹೋಗುತ್ತಿದ್ದ. ಓಣಿಯ ಉಳಿದ ಹೆಂಗಸರೆಲ್ಲ ಹೊಸ ಸೀರೆ ಉಟ್ಟು, ಚೀಲ ಹಿಡಿದು, ವೈನಿಯ ಮುಂದೆಯೇ ಹಾದು ಹೋಗುವರು. ಅವರು ಹೋದರೆ ಹಬ್ಬ. ವೈನಿ ಹೋದರೆ ಹೊಳೆ.

ಒಂದು ಸಲ ಮಾತ್ರ ಸರ್ ಎಡವಿದರು. ಹಳೆಯ ಎಮ್ಮೆ ತೀರಿ ಅದರ ಮಗಳು ಕೊಟ್ಟಿಗೆಗೆ ಬಂದಿತ್ತು. ಜುಲೈ ಕೊನೆಯ ಪುಷ್ಯ ಮಳೆಯ ನಡುವೆ ಅದು ಬೆದೆಗೆ ಬಂತು. ದನದ ಡಾಕ್ಟರು ರಜೆಯಲ್ಲಿದ್ದರು. ಯಡೂರಿನ ಹತ್ತಿರ ಯಾರೋ ಒಳ್ಳೆಯ ಕೋಣ ಸಾಕಿದ್ದಾರೆಂದು ಕೇಳಿ, ಬೆಳಿಗ್ಗೆ ಟೆಂಪೊ ತರಿಸಿ ಎಮ್ಮೆ ಹತ್ತಿಸಿ ಕಳಿಸಿದರು. ತಾವು ಕಾಲೇಜಿಗೆ ಹೋದರು. ಬೇಗ ಹೋಗಿ ಬರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡಿದ್ದರು.

ಮಧ್ಯಾಹ್ನ ಎಮ್ಮೆ ಮರಳಿ ಬರುವಾಗ ಎದುರಿಗೆ ಊರು ಬರುತ್ತಿತ್ತು. ಟ್ರ್ಯಾಕ್ಟರಿನಲ್ಲಿ ತಿಜೋರಿ, ಕಾಳಿನ ಚೀಲ, ಕೋಳಿ ಬುಟ್ಟಿ, ಮುದುಕಿಯರು. ರಸ್ತೆ ಇಕ್ಕಟ್ಟು. ಎಮ್ಮೆಯ ಟೆಂಪೊ ಹಿಂದೆ ಸರಿದು ಜಾಗ ಕೊಡಬೇಕಾಯಿತು.

“ಸರ್ರ, ನಿಮ್ಮ ಎಮ್ಮಿ ಮದವಿಗೆ ಇಡೀ ಊರ ದಿಬ್ಬಣ ಹೋತು. ಊಟಾನೂ ಹಾಕಸಲಿಲ್ಲ” ಎಂದು ಅಣ್ಣಪ್ಪ ಸಂಜೆ ಅಂದ. ಓಣಿಯೆಲ್ಲ ನಕ್ಕಿತು. ಸರ್ ನಗಲಿಲ್ಲ. ಮೊದಲ ಸಲ ಅವರು ಕನ್ನಡಕ ಒರೆಸದೆ ಮಾತಾಡಿದ್ದನ್ನು ನಾನು ಕಂಡದ್ದು ಮರುವಾರ.

“ನಕ್ಕರಲಾ, ಅದ ಕೆಟ್ಟದ್ದು” ಎಂದರು. “ಬೈದಿದ್ರ ಚಲೋ ಇತ್ತು. ನಕ್ಕಾವ ಮುಂದಿನ ಸಲ ಏಳೂದಿಲ್ಲ.”

ಅವರು ಹೇಳಿದಂತೆಯೇ ಆಯಿತು. ಮುಂದೆ ನಿಜವಾಗಿ ದೊಡ್ಡ ನೀರು ಬಂದ ವರ್ಷ ಸರ್ ಎಮ್ಮೆ ಬಿಚ್ಚಿ ಟೆಂಪೊಗೆ ಹತ್ತಿಸಿದರು. ಅರ್ಧ ಓಣಿ ಹಿಂದೆ ಹೊರಟಿತು. ಇನ್ನರ್ಧ, “ಮತ್ತ ಮದವಿ ಐತೇನ್ರಿ?” ಎಂದು ಬಾಗಿಲಲ್ಲಿ ನಿಂತಿತು. ಸರ್ ಎಮ್ಮೆಯನ್ನು ಹೆಂಡತಿಯ ಜೊತೆ ಕಳಿಸಿ ತಾವು ಉಳಿದು, ಮೊಣಕಾಲು ನೀರಿನಲ್ಲಿ ಮನೆ ಮನೆ ತಟ್ಟಿದರು. ಕಡೆಯವರನ್ನು ದೋಣಿ ಬಂದು ಎತ್ತಿತು. ಆ ಸಲವೂ ಯಾರೂ ಸಾಯಲಿಲ್ಲ. ನನ್ನ ಪತ್ರಿಕೆಯಲ್ಲಿ ದೋಣಿಯ ಚಿತ್ರ ಬಂತು. ಚಿತ್ರದಲ್ಲಿ ಬೆನ್ನು ಮಾತ್ರ ಕಾಣುವ ಮನುಷ್ಯ ಅವರು.

ಕಾಳಜಿ ಕೇಂದ್ರದ ಹಜಾರದಲ್ಲಿ ಒದ್ದೆ ಅಂಗಿಯಲ್ಲೇ ಕೂತು ಅವರು ಹೇಳಿದ್ದು ನೆನಪಿದೆ: “ಒಂದು ಸುಳ್ಳು ಎಚ್ಚರಿಕೆ ನನ್ನ ಹೆಸರಿಗೆ ಬಿತ್ತು ತಮ್ಮಾ. ಅದಕ್ಕ ಅರ್ಧಾ ಓಣಿ ಹಿಂದುಳೀತು. ಇನ್ನೊಂದು ಬಿದ್ರ ಉಳದರ್ಧಾನೂ ಏಳೂದಿಲ್ಲ. ನಾ ಇನ್ನ ಅಲಗಾಡೂಹಂಗಿಲ್ಲ.”

ಅವರು ಅದನ್ನು ಅಕ್ಷರಶಃ ನಡೆಸಿದರು. ಒಂದು ವಿಶ್ವವಿದ್ಯಾಲಯದಿಂದ ದೊಡ್ಡ ಹುದ್ದೆಗೆ ಕರೆ ಬಂತು. ಚಳಿಗಾಲದಲ್ಲಿ ಮನೆ ಬದಲಿಸಬಹುದಲ್ಲ, ಆಗ ಯಾರೂ ಅರ್ಥ ಹಚ್ಚುವುದಿಲ್ಲ ಎಂದು ನಾನು ಹೇಳಿದೆ. “ಚಳಿಗಾಲದಾಗ ಹೋಗಬಹುದು” ಎಂದರು. “ಮುಂದಿನ ಮಿರಗಕ್ಕ ಅವ್ರು ಏನ್ ನೋಡಬೇಕು? ಕೀಲಿ ನೋಡಬೇಕೇನು?” ಎಮ್ಮೆ ಮಾರಿಬಿಡುವ ಯೋಚನೆಯನ್ನೂ ಮಾಡಿದ್ದರು. ಅಥಣಿಯಿಂದ ವ್ಯಾಪಾರಿ ಬಂದು ಹಲ್ಲು ಎಣಿಸುವ ಹೊತ್ತಿಗೆ ಓಣಿಯ ಹೆಂಗಸರು ಅಂಗಳದಲ್ಲಿ ಸೇರಿದ್ದರು. ಶಾಂತವ್ವ, ಅಣ್ಣಪ್ಪನ ಹೆಂಡತಿ, ಎಮ್ಮೆಯ ಕೊರಳ ಮೇಲೆ ಕೈ ಹಾಕಿ ನಿಂತು, “ಇದನ್ನ ಹೆಂಗ ಮಾರತೀರಿ? ಇದು ಬರೇ ನಿಮ್ದಲ್ರಿ” ಎಂದಳು. ವ್ಯಾಪಾರಿ ಚಹಾ ಕುಡಿದು ಹೋದ.

ಕಣ್ಣಿನ ವಿಷಯ ಅದಾದ ಮೇಲೆ ಬಂತು. ಮತ್ತೊಂದು ಶ್ರಾವಣ. ಕಾಲೇಜಿನಿಂದ ನನಗೆ ಫೋನ್ ಮಾಡಿ, ಸ್ಕೂಟರ್ ನಡೆಸಲಾಗುತ್ತಿಲ್ಲ, ಬಲಗಣ್ಣಿಗೆ ಅರ್ಧ ಪರದೆ ಇಳಿಬಿಟ್ಟಂತೆ ಕಾಣುತ್ತಿದೆ ಎಂದರು. ನನ್ನ ಬೈಕಿನ ಮೇಲೆ ಮಿರಜಿಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ಕಣ್ಣಿನ ಒಳಪದರ ಕಳಚಿದೆ, ಇವತ್ತೇ ದಾಖಲಾಗಬೇಕು, ಆಪರೇಷನ್ ತಡವಾದರೆ ಕಣ್ಣು ಉಳಿಯುವ ಭರವಸೆ ಇಲ್ಲ ಎಂದರು. ಒಂದು ವಾರ ಮಲಗಬೇಕು, ಮನೆಯವರೊಬ್ಬರು ಜೊತೆಗಿರಬೇಕು.

ಹೊರಗೆ ಬಂದು ಅವರು ಹೊಳೆಯ ಸುದ್ದಿ ಕೇಳಿದರು. ಕೆಳಮಟ್ಟದ ಸೇತುವೆಗಳು ಮುಳುಗಿದ್ದವು. ನೀರು ಏರಲೂಬಹುದು, ಇಳಿಯಲೂಬಹುದು; ಘಟ್ಟದ ಮಳೆ ಹೇಗೋ ಹಾಗೆ.

“ಮನಿಗೆ ಹೋಗೂಣು” ಎಂದರು.

“ಸರ್, ಡಾಕ್ಟ್ರು ಇವತ್ತ ಅಂದಾರ್ರಿ.”

“ನಾ ಇಲ್ಲಿ ಮಲಗಿದ್ರ ಆಕಿ ಬರಬೇಕು. ಆಕಿ ಬಂದ್ರ ಮನಿ ಕೀಲಿ. ಎಮ್ಮಿ ಯಾರ ಹಿಂಡಬೇಕು? ಹೊಡಕೊಂಡ ಹೋಗಿ ಯಾರದರ ಮನ್ಯಾಗ ಕಟ್ಟಬೇಕು. ಊರ ಎದ್ದು ಬರತೈತಿ. ನೀರು ಬರಲಿಲ್ಲ ಅಂದ್ರ?”

“ಅಣ್ಣಪ್ಪಗ ಖರೇನ ಹೇಳೂಣ್ರಿ. ಕಣ್ಣಿನ ಆಪರೇಷನ್ ಐತಿ ಅಂತ.”

ಅವರು ಕನ್ನಡಕ ತೆಗೆದರು, ಒರೆಸಿದರು, ಕೈಯಲ್ಲಿ ಹಿಡಿದುಕೊಂಡರು. “ಅಣ್ಣಪ್ಪ ನಂಬತಾನ. ಅಂವ ಶಾಂತವ್ವಗ ಹೇಳತಾನ, ಆಕೀನೂ ನಂಬತಾಳ. ಆಕಿ ಬಾಜೂ ಮನಿಗೆ ಹೇಳತಾಳ, ಸರ್ ಕಣ್ಣು ತೋರಸಾಕ ಹೋಗ್ಯಾರ ಅಂತ. ಆ ಬಾಜೂ ಮನಿಯಾಕಿ ಆಚಿ ಮನಿಗೆ ಹೇಳೂವಾಗ ಸರ್ ಕಣ್ಣಿನ ನೆವಾ ಮಾಡಿ ಹೋಗ್ಯಾರ ಅಂತ ಆಗತೈತಿ. ಇದ ನನ್ನ ಪಿಎಚ್‌ಡಿ, ತಮ್ಮಾ. ಗಾಡಿ ಚಾಲೂ ಮಾಡು.”

ನಾನು ಗಾಡಿ ಚಾಲೂ ಮಾಡಿದೆ. ದಾರಿಯುದ್ದಕ್ಕೂ ಅವರು ನನ್ನ ಹೆಗಲು ಹಿಡಿದುಕೊಂಡಿದ್ದರು. ಆ ಶ್ರಾವಣ ಹೊಳೆ ಓಣಿಯ ಬಾಯಿಯವರೆಗೆ ಬಂದು ನಿಂತು, ಹಾಗೇ ಇಳಿದುಹೋಯಿತು. ಅವರು ಮಿರಜಿಗೆ ಮರಳಿ ಹೋದಾಗ ಡಾಕ್ಟರು ನೋಡಿ, ತಡವಾಯಿತು ಎಂದರು. ಬಲಗಣ್ಣು ಆಮೇಲೆ ಬೆಳಕು ಕತ್ತಲೆಗಳನ್ನಷ್ಟೇ ಹೇಳುತ್ತಿತ್ತು.

ವೈನಿ ನನ್ನ ಮುಂದೆ ಒಂದೇ ಸಲ ಈ ಮಾತೆತ್ತಿದರು, ಅದೂ ರೊಟ್ಟಿ ಬಡಿಯುತ್ತ, ತಲೆಯೆತ್ತದೆ. “ಇವರ ಪಿಎಚ್‌ಡಿಗೆ ನನ್ನ ಪಂಚಮಿ ಹೋತು, ಇವರ ಕಣ್ಣ ಹೋತು. ಉಳದದ್ದೊಂದ ಎಮ್ಮಿ.” ಸರ್ ಒಳಗಿನಿಂದ, “ಎಮ್ಮಿ ಹೋಗೂಹಂಗಿಲ್ಲಲಾ, ಅದ ತ್ರಾಸು” ಎಂದರು. ಇಬ್ಬರೂ ನಕ್ಕರು. ಆ ನಗೆಯಲ್ಲಿ ನನಗೆ ಪಾಲು ತೆಗೆದುಕೊಳ್ಳಲಾಗಲಿಲ್ಲ.

ಕಣ್ಣು ಹೋದ ಮೇಲೆ ಅವರು ತಮ್ಮ ಸಂಶೋಧನೆಯನ್ನು ತಾವೇ ಕೆಡವಲು ನೋಡಿದರು. ಬೇಸಿಗೆಯಲ್ಲಿ ಊರಿನವರನ್ನು ಗುಡಿಯ ಕಟ್ಟೆಗೆ ಕರೆದರು. ನಾನೂ ಹೋಗಿದ್ದೆ. ಪ್ರತಿ ಓಣಿಗೂ ಒಂದು ಮನೆ ಆರಿಸಿಕೊಳ್ಳಿ, ಆ ಮನೆ ವರ್ಷಕ್ಕೊಮ್ಮೆ ಬದಲಾಗಲಿ, ಹೊಳೆಯನ್ನು ನೋಡಿ ಆ ಮನೆಯವರು ಹೇಳಲಿ, ನಾನು ಹೇಗೆ ನೋಡಬೇಕೆಂದು ಕಲಿಸುತ್ತೇನೆ ಎಂದರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಅವರು ಅಡಿಟಿಪ್ಪಣಿಯಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳಿದರು.

“ಮೊದಲನೇ ಸಲ ಎಮ್ಮಿ ಹೋತಲಾ, ಆವಾಗ ನನಗ ಏನೂ ಗೊತ್ತಿರಲಿಲ್ಲ. ಈಕಿ ಪಂಚಮಿಗೆ ಹೊಂಟಿದ್ಲು. ನನಗ ಹಾಲು ಹಿಂಡಾಕ ಬರತಿರಲಿಲ್ಲ. ಅದಕ್ಕ ಎಮ್ಮಿ ಹೋತು. ನೀವು ಏನೂ ಗೊತ್ತಿಲ್ಲದಾವನ ಬೆನ್ನ ಹತ್ತಿ ಉಳದೀರಿ.”

ಅಣ್ಣಪ್ಪ ತಂಬಾಕು ತಿಕ್ಕುತ್ತ, “ದೊಡ್ಡವ್ರು ಹಿಂಗ ಅಂತಾರ್ರಿ, ನಾವು ಕೇಳಬೇಕು” ಎಂದ. ಹಿಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ಕೇಳಿದಳು: “ನಿಮಗ ಗೊತ್ತಿರಲಿಲ್ಲ, ಬಿಡ್ರಿ. ಎಮ್ಮಿಗಿ ಗೊತ್ತಿತ್ತಲ್ರಿ?”

ಆ ಮಿರಗಕ್ಕೆ ಎಲ್ಲ ಓಣಿಗಳೂ ಒಂದೊಂದು ಮನೆ ಆರಿಸಿದವು. ಎಲ್ಲ ಓಣಿಗಳೂ ಸರ್ ಮನೆಯನ್ನೇ ಆರಿಸಿದ್ದವು.

ಅವರ ಕೊನೆಯ ಬರಹ ಈ ಸೋಲಿನ ಬಗ್ಗೆ ಇತ್ತು. ನಂಬಿಗಸ್ತ ನೆರೆಯವನು ಜನರನ್ನು ಪಾರುಮಾಡುತ್ತಾನೆ ಎಂದು ನಾವೆಲ್ಲ ಬರೆದಿದ್ದೇವೆ, ಅವನು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಿಲ್ಲ ಎಂಬ ಅರ್ಥದ ಸಾಲೊಂದು ಅದರಲ್ಲಿತ್ತು. ಒಂದು ಸಂಶೋಧನಾ ಪತ್ರಿಕೆ ಅದನ್ನು ವಸ್ತುನಿಷ್ಠವಾಗಿಲ್ಲ ಎಂದು ಮರಳಿಸಿತು. ಅವರು ಮತ್ತೆಲ್ಲಿಗೂ ಕಳಿಸಲಿಲ್ಲ.

ನಿವೃತ್ತಿಯ ಬೀಳ್ಕೊಡುಗೆ ಮೇ ತಿಂಗಳಲ್ಲಿ ನಡೆಯಿತು. ಕಾಲೇಜಿನವರು ಶಾಲು, ಹಾರ, ಒಂದು ಹೊಸ ಸೂಟ್‌ಕೇಸು ಕೊಟ್ಟರು. ಕಪಾಟು ಖಾಲಿ ಮಾಡಿ ಹಳೆಯ ಸೂಟ್‌ಕೇಸನ್ನೂ ತೆಗೆದುಕೊಂಡು ಹೋಗುವಂತೆ ಹೇಳಿದರು. ಎರಡು ಸೂಟ್‌ಕೇಸುಗಳನ್ನು ಊರೊಳಗೆ ಒಯ್ಯುವುದು ಹೇಗೆ ಎಂದು ಅವರು ಚಿಂತಿಸುವುದನ್ನು ಕಂಡು, “ಸರ್, ಒಳಗ ತರೂದ್ರಾಗ ಏನೈತ್ರಿ, ಹೊರಗ ಒಯ್ದ್ರಲ್ಲಾ ಅರ್ಥಾ ಹಚ್ಚೂದು?” ಎಂದೆ. “ಒಳಗ ಬಂದದ್ದು ಹೊರಗ ಹೋಗಾಕನ ಬಂದೈತಿ ಅಂತಾರ” ಎಂದರು. ಎರಡನ್ನೂ ನನ್ನ ಚಿಕ್ಕೋಡಿ ಕೋಣೆಯಲ್ಲಿ ಇಟ್ಟುಕೊಂಡೆ. ಇನ್ನೂ ಅಲ್ಲೇ ಇವೆ.

ಅವರು ತೀರಿಕೊಂಡದ್ದು ಅದರ ಮರುವರ್ಷದ ಬೇಸಿಗೆಯಲ್ಲಿ, ಹೊಳೆಯ ನಡುವೆ ಮರಳು ಕಾಣುವ ದಿನಗಳಲ್ಲಿ. ಸಂಜೆ ಕಟ್ಟೆಯ ಮೇಲೆ ಕೂತವರು ಎದೆ ಹಿಡಿದುಕೊಂಡು ವಾಲಿದರು. ಅಣ್ಣಪ್ಪ ಹೆಣದ ಕಾಲ ಬಳಿ ನಿಂತು, “ಯಾರಿಗೂ ತ್ರಾಸ ಆಗಬಾರದಂತ ಬ್ಯಾಸಗ್ಯಾಗ ಹೋದ್ರು” ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಈ ಶ್ರಾವಣದಲ್ಲಿ ಎಂದಿನಂತೆ ಹೊಳೆಯ ಸುದ್ದಿಗೆ ಹೋದೆ. ಕೆಳಮಟ್ಟದ ಸೇತುವೆಗಳ ಮೇಲೆ ನೀರು ಹತ್ತಿತ್ತು. ಊರಲ್ಲಿ ಬಿಸಿಲಿತ್ತು. ಓಣಿಗೆ ಕಾಲಿಟ್ಟಾಗ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು. ಸರ್ ಮನೆಯ ಮುಂದೆ ವೈನಿಯ ತಮ್ಮ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಯಜಮಾನರು ತೀರಿಕೊಂಡ ವರ್ಷ, ಮನೆಯಲ್ಲಿ ಹಬ್ಬವಿಲ್ಲ. ಅಕ್ಕ ಪಂಚಮಿಯ ದಿನ ಒಬ್ಬಳೇ ಕೂರಬಾರದೆಂದು ಕರೆಯಲು ಬಂದಿದ್ದ.

ವೈನಿ ಹೊರಗೆ ಬಂದರು. ಕೈಯಲ್ಲಿ ಚೀಲವಿತ್ತು. ಅದನ್ನು ಬೈಕಿನ ಸೀಟಿನ ಮೇಲಿಟ್ಟು ಕೊಟ್ಟಿಗೆಗೆ ಹೋಗಿ ಎಮ್ಮೆ ಬಿಚ್ಚಿದರು. ಅಣ್ಣಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆದ. ಆಚೆ ಮನೆಯಲ್ಲಿ ಯಾರೋ, “ಏ, ಟ್ರ್ಯಾಕ್ಟರ್ ತೆಗೀಲೇ” ಎಂದದ್ದು ಕೇಳಿಸಿತು.

ವೈನಿ ಎಮ್ಮೆಯನ್ನು ರಸ್ತೆಯ ಕಡೆ ಹೊಡೆಯಲಿಲ್ಲ. ಓಣಿ ದಾಟಿಸಿ ಅಣ್ಣಪ್ಪನ ಅಂಗಳಕ್ಕೆ ಒಯ್ದು ಹಗ್ಗವನ್ನು ಶಾಂತವ್ವನ ಕೈಗೆ ಕೊಟ್ಟರು.

“ಇದು ಇಲ್ಲೇ ಇರತೈತಿ. ಹೊಳಿ ಏರಿದ್ರ ನೀವ ಬಿಚ್ಚರಿ. ಮುಂಜಾನಿ ಹಿಂಡೂವಾಗ ಕೊರಳ ತಿಕ್ಕು, ಇಲ್ಲಾಂದ್ರ ತೊರಿ ಬಿಡೂದಿಲ್ಲ, ಹಾಲು ಇಳಿಯೂದಿಲ್ಲ.”

ಶಾಂತವ್ವ ಹಗ್ಗ ನೋಡಿದಳು. ಅವಳೂ ಹೊಸ ಸೀರೆ ಉಟ್ಟಿದ್ದಳು. ಅವಳ ಹಿಂದೆ ಹೊಸ್ತಿಲ ಮೇಲೆ ಅವಳ ಚೀಲ, ಉಂಡಿಯ ಡಬ್ಬಿ ಇದ್ದವು. ಅಥಣಿಯ ಬಸ್ಸಿಗೆ ಹೊರಟು ನಿಂತವಳು ಅವಳು.

“ಅಕ್ಕಾ,” ಎಂದಳು, “ಇವತ್ತ ನಂದೂ ಪಂಚಮಿ ಐತಿ.”

ವೈನಿ ಅವಳ ಕೈ ಮೇಲೆ ಕೈಯಿಟ್ಟರು. “ನನಗೂ ಇತ್ತವ್ವಾ” ಎಂದರು. ಬಂದು ಚೀಲ ಮಡಿಲಲ್ಲಿಟ್ಟುಕೊಂಡು ತಮ್ಮನ ಹಿಂದೆ ಕೂತರು. ಬೈಕ್ ಕಬ್ಬಿನ ನಡುವೆ ಮರೆಯಾಗುವವರೆಗೂ ಅವರು ತಿರುಗಿ ನೋಡಲಿಲ್ಲ.

ಓಣಿಯವರೂ ಬೈಕನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಈಗ ಅಣ್ಣಪ್ಪನ ಅಂಗಳದ ಮೇಲಿತ್ತು. ಶಾಂತವ್ವ ಹಗ್ಗವನ್ನು ಗೂಟಕ್ಕೆ ಸುತ್ತಿ ಗಂಟು ಹಾಕಿದಳು. ಆಮೇಲೆ ಹೊಸ್ತಿಲ ಮೇಲಿನ ಚೀಲ ಎತ್ತಿಕೊಂಡು, ಯಾರಿಗೂ ಕಾಣದಂತೆ ಸೆರಗು ಮುಚ್ಚಿ, ಒಳಗೆ ಒಯ್ದಳು.